ಅಗ್ಗದ ಟಾರ್ಚು: ಡಬ್ಬಿಯ ಮೇಲಿನ ಅಂಕಿ, ಸೆಲ್ಲಿನೊಳಗಿನ ಶಕ್ತಿ

ಪುಣೆಯ ಬುಧವಾರ ಪೇಠೆಯಲ್ಲಿರುವ ತಾಪಕೀರ್ ಗಲ್ಲಿ ವಿದ್ಯುತ್ ಸಾಮಗ್ರಿಗಳ ವ್ಯಾಪಾರಕ್ಕೆ ಹೆಸರಾದ ಬೀದಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವಂತೆಯೇ ಇಲ್ಲಿಯೂ ನೂರು ರೂಪಾಯಿಯ ಆಸುಪಾಸಿನಿಂದ ಸಾವಿರ ರೂಪಾಯಿಯೊಳಗಿನ ಎಲ್‌ಇಡಿ ಟಾರ್ಚುಗಳು ಹತ್ತಾರು ಬಗೆಯಲ್ಲಿ ದೊರೆಯುತ್ತವೆ. ಇವುಗಳಲ್ಲಿ ಕೆಲವು ಹೆಸರಾಂತ ಕಂಪನಿಗಳವು. ಉಳಿದವು ಆಮದಾದ, ಇಲ್ಲವೇ ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸಿದ, ತಯಾರಕರ ಹೆಸರೇ ತಿಳಿಯದ ಸರಕು. ಒಂದರ ಡಬ್ಬಿಯ ಮೇಲೆ ಲೂಮೆನ್ ಲೆಕ್ಕವಿದ್ದರೆ ಇನ್ನೊಂದರ ಮೇಲೆ ವ್ಯಾಟ್, ಮತ್ತೊಂದರ ಮೇಲೆ ಬೆಳಕು ತಲುಪುವ ದೂರ, ಮಗದೊಂದರ ಮೇಲೆ ಬ್ಯಾಟರಿಯ ಮಿಲಿಆಂಪಿಯರ್-ಗಂಟೆ ಮುದ್ರಿತವಾಗಿರುವುದರಿಂದ ಎರಡು ಟಾರ್ಚುಗಳನ್ನು ಪಕ್ಕದಲ್ಲಿಟ್ಟು ತೂಗಿ ನೋಡುವ ದಾರಿಯೇ ಗಿರಾಕಿಗೆ ಕಾಣುವುದಿಲ್ಲ. ಅಂಗಡಿಯವರು ಗುಂಡಿ ಒತ್ತಿ ಗೋಡೆಯ ಮೇಲೆ ಬೆಳಕು ಹಾಯಿಸಿದಾಗ ಕಾಣುವ ಒಂದು ಕ್ಷಣದ ಪ್ರಖರತೆಯೇ ಕೊನೆಗೆ ವ್ಯಾಪಾರವನ್ನು ಮುಗಿಸುತ್ತದೆ. ಟಾರ್ಚಿನ ಯೋಗ್ಯತೆ ನಿಜವಾಗಿ ತಿಳಿಯುವುದು ಅದು ಉರಿಯುತ್ತಿರುವ ಮೂರನೆಯ ಗಂಟೆಯಲ್ಲಿ. ಆ ಮೂರನೆಯ ಗಂಟೆಯನ್ನು ಅಂಗಡಿಯಲ್ಲಿ ನಿಂತೇ ಅಂದಾಜು ಮಾಡಬೇಕಾದರೆ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬ ಒಂದು ಮಾಹಿತಿ ಮತ್ತು ಶಾಲೆಯಲ್ಲಿ ಕಲಿತ ಗುಣಾಕಾರ ಸಾಕು.

ಫೋನಿನ ದೀಪವಿದ್ದರೂ ಟಾರ್ಚು ಏಕೆ

ಪ್ರತಿಯೊಬ್ಬರ ಕೈಯಲ್ಲೂ ದೀಪವಿರುವ ಮೊಬೈಲ್ ಫೋನು ಇರುವಾಗ ಬೇರೆ ಟಾರ್ಚು ಅನಗತ್ಯವೆಂದು ತೋರಬಹುದು. ಆದರೆ ಫೋನಿನ ದೀಪಕ್ಕೆ ಬೆಳಕನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುವ ಪ್ರತಿಫಲಕವಿಲ್ಲದ ಕಾರಣ ಅದು ಕೆಲವೇ ಮೀಟರ್ ದೂರ ಹರಡಿ ಮಂಕಾಗುತ್ತದೆ. ಅಲ್ಲದೆ, ನೆರವಿಗಾಗಿ ಕರೆ ಮಾಡಲು ಉಳಿಸಿಕೊಳ್ಳಬೇಕಾದ ಚಾರ್ಜನ್ನು ಅದೇ ದೀಪ ಖಾಲಿ ಮಾಡುತ್ತದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಹರಿಯುವ ಆಂಬಿಲ್ ಓಢಾ ಹಳ್ಳವು ಉಕ್ಕಿ ಪುಣೆಯ ದಕ್ಷಿಣ ಭಾಗದ ಬಡಾವಣೆಗಳಿಗೆ ನುಗ್ಗಿದಂಥ ಸಂದರ್ಭದಲ್ಲಿ ಫೋನಿನ ಚಾರ್ಜು ಮತ್ತು ಕೈಯಲ್ಲಿನ ಬೆಳಕು ಎರಡೂ ಬೇರೆ ಬೇರೆಯಾಗಿಯೇ ಬೇಕಾಗುತ್ತವೆ.

ನಗರದ ಹೊರಗೆ ಈ ಅಗತ್ಯ ನಿತ್ಯದ್ದು. ಪುಣೆ ಜಿಲ್ಲೆಯ ಜುನ್ನರ್, ಆಂಬೇಗಾಂವ್, ಖೇಡ್ ಮತ್ತು ಶಿರೂರು ತಾಲ್ಲೂಕುಗಳಲ್ಲಿ ಚಿರತೆಗಳು ಕಬ್ಬಿನ ಗದ್ದೆಗಳಲ್ಲಿಯೇ ನೆಲೆಸಿ ಮರಿ ಮಾಡುತ್ತವೆ; ಜುನ್ನರ್ ಬಳಿಯ ಮಾಣಿಕಡೋಹದಲ್ಲಿ ಚಿರತೆಗಳಿಗಾಗಿಯೇ ರಕ್ಷಣಾ ಕೇಂದ್ರವೊಂದು ನಡೆಯುತ್ತಿರುವುದು ಸಮಸ್ಯೆಯ ಆಳವನ್ನು ತೋರಿಸುತ್ತದೆ. ಕೃಷಿ ಪಂಪುಗಳಿಗೆ ಮೂರು ಫೇಸಿನ ವಿದ್ಯುತ್ತು ಸರದಿಯ ಮೇಲೆ ರಾತ್ರಿ ಹೊತ್ತು ಬಂದಾಗ ನೀರು ಕಟ್ಟಲು ಹೊರಡುವ ರೈತನಿಗೆ ಕಾಲಬುಡದಲ್ಲಿ ಕೊಳಕುಮಂಡಲ, ಕಟ್ಟುಹಾವುಗಳ ಭಯವಾದರೆ ಕಬ್ಬಿನ ಅಂಚಿನಲ್ಲಿ ಚಿರತೆಯ ಭಯ. ಕರ್ನಾಟಕದ ರೈತನಿಗೂ ರಾತ್ರಿ ಪಾಳಿಯ ವಿದ್ಯುತ್ತು ಹೊಸದಲ್ಲ. ಇವರೆಲ್ಲ ಕೊಳ್ಳುವುದು ಅಗ್ಗದ ಟಾರ್ಚನ್ನೇ ಆದ್ದರಿಂದ ಅಗ್ಗದ ಟಾರ್ಚುಗಳ ಗುಣಮಟ್ಟ ಜೀವರಕ್ಷಣೆಗೆ ಸಂಬಂಧಿಸಿದ ವಿಷಯವಾಗಿದೆ.

ತಂತಿಯಿಂದ ಹರಳಿಗೆ

ಕೈಯಲ್ಲಿ ಹಿಡಿಯುವ ಕೊಳವೆಯಾಕಾರದ ಟಾರ್ಚಿಗೆ ಡೇವಿಡ್ ಮಿಸೆಲ್ ಎಂಬಾತ 1899ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದನು. ಆ ಪೇಟೆಂಟಿನಿಂದ ಬೆಳೆದ ಉದ್ಯಮವೇ ಮುಂದೆ ಎವರೆಡಿ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಿತವಾಯಿತು. ಭಾರತದ ಹಳ್ಳಿಗಳಲ್ಲಿ ‘ಜೀವನ್ ಸಾಥಿ’ ಎಂಬ ಹಿತ್ತಾಳೆಯ ಎವರೆಡಿ ಟಾರ್ಚು ದಶಕಗಳ ಕಾಲ ಮನೆಮಾತಾಗಿತ್ತು. ಅಂಥ ಟಾರ್ಚುಗಳ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿಯು ಕೆಂಪಗೆ ಕಾದು ಬೆಳಗುತ್ತಿದ್ದುದರಿಂದ ಸೆಲ್ಲಿನ ಶಕ್ತಿಯ ಬಹುಪಾಲು ಶಾಖವಾಗಿ ಕಳೆದುಹೋಗಿ, ಒಂದು ವ್ಯಾಟಿಗೆ ಹತ್ತು ಲೂಮೆನ್ ಬೆಳಕು ಸಿಗುವುದೂ ಕಷ್ಟವಿತ್ತು.

ಎಲ್‌ಇಡಿ ಎಂದರೆ ವಿದ್ಯುತ್ತು ಹರಿದಾಗ ಬೆಳಕು ಸೂಸುವ ಅರೆವಾಹಕ ಹರಳು. 1962ರಲ್ಲಿ ನಿಕ್ ಹೊಲೊನ್ಯಾಕ್ ರೂಪಿಸಿದ ಕೆಂಪು ಎಲ್‌ಇಡಿಯಿಂದ ರೇಡಿಯೊಗಳ ಸೂಚಕ ದೀಪಗಳಷ್ಟೇ ಸಾಧ್ಯವಾದವು. ಬಿಳಿ ಬೆಳಕಿಗೆ ಅಗತ್ಯವಾದ ಪ್ರಖರ ನೀಲಿ ಎಲ್‌ಇಡಿ ಕೈಗೂಡಲು 1990ರ ದಶಕದವರೆಗೆ ಕಾಯಬೇಕಾಯಿತು. ಆ ಸಾಧನೆಗಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಇಂದಿನ ಟಾರ್ಚುಗಳ ಬಿಳಿ ಎಲ್‌ಇಡಿಯೂ ಮೂಲತಃ ನೀಲಿ ಹರಳೇ ಆಗಿದ್ದು, ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಎಂಬ ಲೇಪವು ನೀಲಿ ಬೆಳಕಿನ ಒಂದು ಭಾಗವನ್ನು ಹೀರಿ ಹಳದಿಯಾಗಿ ಮರಳಿಸುವುದರಿಂದ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ.

ಸರ್ಕಾರದ ಉಜಾಲಾ ಯೋಜನೆಗೆ ಸಗಟಾಗಿ ಕೊಂಡ ಎಲ್‌ಇಡಿ ಬಲ್ಬಿನ ಖರೀದಿ ಬೆಲೆ 2014ರ ಆರಂಭದಲ್ಲಿ 310 ರೂಪಾಯಿ ಇದ್ದದ್ದು 2016ರ ವೇಳೆಗೆ 38 ರೂಪಾಯಿಗೆ ಇಳಿಯಿತು. ಹರಳಿನ ಬೆಲೆ ಹೀಗೆ ಕುಸಿದ ಮೇಲೆ ಅಗ್ಗದ ಟಾರ್ಚಿನಲ್ಲಿಯೂ ಒಂದು ವ್ಯಾಟಿಗೆ 80ರಿಂದ 100 ಲೂಮೆನ್ ಕೊಡುವ ಎಲ್‌ಇಡಿ ಇರುವುದು ಅಪರೂಪವಲ್ಲ. ತಯಾರಕರು ಖರ್ಚು ಉಳಿಸುವುದು ಬ್ಯಾಟರಿಯಲ್ಲಿ, ಎಲ್‌ಇಡಿಗೆ ಹರಿಯುವ ವಿದ್ಯುತ್ತನ್ನು ಹದಗೊಳಿಸುವ ‘ಡ್ರೈವರ್’ ಎಂಬ ಪುಟ್ಟ ಮಂಡಲದಲ್ಲಿ ಮತ್ತು ಶಾಖವನ್ನು ಹೊರಹಾಕಬೇಕಾದ ಹೊರಮೈಯಲ್ಲಿ. ತುಲನೆ ನಡೆಯಬೇಕಾದದ್ದೂ ಈ ಮೂರರ ಆಧಾರದ ಮೇಲೆಯೇ.

ಅಂಕಿಗಳ ಅರ್ಥ

ದೀಪವು ಎಲ್ಲ ದಿಕ್ಕುಗಳಿಗೂ ಹೊರಸೂಸುವ ಬೆಳಕಿನ ಒಟ್ಟು ಪ್ರಮಾಣವನ್ನು ಲೂಮೆನ್ ಅಳೆದರೆ, ಒಂದೇ ದಿಕ್ಕಿನಲ್ಲಿ ಆ ಬೆಳಕು ಎಷ್ಟು ತೀವ್ರವಾಗಿದೆ ಎಂಬುದನ್ನು ಕ್ಯಾಂಡೆಲಾ ಅಳೆಯುತ್ತದೆ. ಬೆಳಕು ಬಿದ್ದ ಜಾಗ ಎಷ್ಟು ಬೆಳಗಿದೆ ಎಂಬುದರ ಅಳತೆ ಲಕ್ಸ್. ಒಂದೇ ಲೂಮೆನ್ನಿನ ಎರಡು ಟಾರ್ಚುಗಳಲ್ಲಿ ಕಿರಿದಾದ ಕಿರಣದ್ದು ದೂರದ ಮರವನ್ನು ತೋರಿಸಿದರೆ ಅಗಲವಾದ ಕಿರಣದ್ದು ಅಂಗಳವನ್ನೆಲ್ಲ ತುಂಬುತ್ತದೆ. ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡು ಹಲವು ದೇಶಗಳ ತಯಾರಕರು ಒಪ್ಪಿಕೊಂಡಿರುವ ಎಫ್‌ಎಲ್1 ಮಾನದಂಡದ ಪ್ರಕಾರ, ಟಾರ್ಚಿನ ಬೆಳಕು ಕಾಲು ಲಕ್ಸಿಗೆ, ಎಂದರೆ ಬಯಲಿನಲ್ಲಿ ಹುಣ್ಣಿಮೆಯ ಬೆಳಕಿನಷ್ಟಕ್ಕೆ ಇಳಿಯುವ ಜಾಗವೇ ಅದರ ‘ದೂರ’. ಕ್ಯಾಂಡೆಲಾ ಸಂಖ್ಯೆಯ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಈ ದೂರ ಮೀಟರುಗಳಲ್ಲಿ ಸಿಗುತ್ತದೆ: 2,500 ಕ್ಯಾಂಡೆಲಾ ಇದ್ದರೆ 100 ಮೀಟರ್, 10,000 ಇದ್ದರೆ 200 ಮೀಟರ್. ದೂರವನ್ನು ಇಮ್ಮಡಿಸಲು ತೀವ್ರತೆ ನಾಲ್ಮಡಿಯಾಗಬೇಕಾದ್ದರಿಂದ, ಅಂಗೈಯಗಲದ ಟಾರ್ಚಿನ ಡಬ್ಬಿಯ ಮೇಲೆ ‘ಎರಡು ಕಿಲೋಮೀಟರ್’ ಎಂದು ಬರೆದಿದ್ದರೆ ಅದಕ್ಕೆ ಹತ್ತು ಲಕ್ಷ ಕ್ಯಾಂಡೆಲಾ ಬೇಕೆಂಬುದನ್ನು ನೆನೆದು ಆ ಮಾತನ್ನು ಬದಿಗಿಡಬಹುದು.

ಇದೇ ಮಾನದಂಡವು ಟಾರ್ಚು ಉರಿಯುವ ಅವಧಿಯನ್ನು ಬೆಳಕು ಆರಂಭದ ಶೇಕಡಾ 10ಕ್ಕೆ ಇಳಿಯುವವರೆಗೆ ಲೆಕ್ಕ ಹಾಕುತ್ತದೆ. ಹಾಗಾಗಿ ಪ್ರಾಮಾಣಿಕ ಡಬ್ಬಿಯ ಮೇಲೆ ‘10 ಗಂಟೆ’ ಎಂದಿದ್ದರೂ ಅದರ ಕೊನೆಯ ಹಲವು ಗಂಟೆಗಳು ಮಂದ ಬೆಳಕಿನವೇ ಆಗಿರಬಹುದು. ಅಗ್ಗದ ಟಾರ್ಚುಗಳಲ್ಲಿ ಡ್ರೈವರಿನ ಬದಲು ಬರಿಯ ಒಂದು ರೆಸಿಸ್ಟರ್ ಇರುತ್ತದೆ, ಇಲ್ಲವೇ ಅದೂ ಇರುವುದಿಲ್ಲ. ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕಾಗಿದ್ದು, 1.5 ವೋಲ್ಟಿನ ಮೂರು ಹೊಸ ಸೆಲ್ಲುಗಳ 4.5 ವೋಲ್ಟ್ ನೇರವಾಗಿ ಹರಿದಾಗ ಮೊದಲು ಮಿತಿಮೀರಿ ಪ್ರಖರವಾಗಿ ಉರಿದು, ಸೆಲ್ಲು ಕುಗ್ಗಿದಂತೆ ಬೇಗನೆ ಮಂಕಾಗುತ್ತದೆ. ಅಂಗಡಿಯ ಗೋಡೆಯ ಮೇಲೆ ಕಂಡ ಪ್ರಖರತೆ ಮನೆಯಲ್ಲಿ ಅರ್ಧ ಗಂಟೆಯೂ ನಿಲ್ಲದಿರುವುದಕ್ಕೆ ಇದೇ ಕಾರಣ.

ಗುಣಾಕಾರದ ಪರೀಕ್ಷೆ

ಬ್ಯಾಟರಿಯ ವೋಲ್ಟನ್ನು ಅದರ ಆಂಪಿಯರ್-ಗಂಟೆಯಿಂದ ಗುಣಿಸಿದರೆ ಅದರಲ್ಲಿರುವ ಶಕ್ತಿ ವ್ಯಾಟ್-ಗಂಟೆಗಳಲ್ಲಿ ದೊರೆಯುತ್ತದೆ. ತೊಟ್ಟಿಯಲ್ಲಿರುವ ನೀರು ಇಷ್ಟೇ ಎಂದಾದ ಮೇಲೆ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಬೇಗ, ಸಣ್ಣಗೆ ಬಿಟ್ಟರೆ ತಡವಾಗಿ ಬರಿದಾಗುವಂತೆ, ಈ ಶಕ್ತಿಯೂ ಹೆಚ್ಚು ಬೆಳಕಾಗಿ ಕಡಿಮೆ ಹೊತ್ತು ಅಥವಾ ಕಡಿಮೆ ಬೆಳಕಾಗಿ ಹೆಚ್ಚು ಹೊತ್ತು ಸಿಗಬಲ್ಲದೇ ಹೊರತು ಎರಡೂ ಒಟ್ಟಿಗೆ ಸಿಗಲಾರವು. ಒಂದು ವ್ಯಾಟಿಗೆ 100 ಲೂಮೆನ್ ಎಂದು ಉದಾರವಾಗಿಯೇ ಲೆಕ್ಕ ಹಿಡಿದರೆ, ಒಂದು ವ್ಯಾಟ್-ಗಂಟೆಯಲ್ಲಿ 100 ‘ಲೂಮೆನ್-ಗಂಟೆ’ ಬೆಳಕಿದೆ. ರಿಮೋಟಿಗೆ ಹಾಕುವ ಅಳತೆಯ ಮೂರು ಆಲ್ಕಲೈನ್ ಸೆಲ್ಲುಗಳಲ್ಲಿ ಒಟ್ಟು ಸುಮಾರು 4 ವ್ಯಾಟ್-ಗಂಟೆ ಇರುವುದರಿಂದ 40 ಲೂಮೆನ್ ಹತ್ತು ಗಂಟೆ ಅಥವಾ 100 ಲೂಮೆನ್ ನಾಲ್ಕು ಗಂಟೆ ಸಿಗಬಹುದು. ಅದೇ ಸೆಲ್ಲುಗಳಿಂದ 1,000 ಲೂಮೆನ್ ಎಂಟು ಗಂಟೆ ಸಿಗುತ್ತದೆ ಎನ್ನುವ ಡಬ್ಬಿ, ಇರುವುದರ ಇಪ್ಪತ್ತು ಪಟ್ಟು ಶಕ್ತಿಯನ್ನು ಮಾತಿನಲ್ಲಷ್ಟೇ ತುಂಬಿಸಿದೆ.

ಇದೇ ಎಚ್ಚರಿಕೆ ಮಿಲಿಆಂಪಿಯರ್-ಗಂಟೆಗೂ ಬೇಕು. ಮರುಚಾರ್ಜಿನ ಟಾರ್ಚುಗಳಲ್ಲಿ ಸಾಮಾನ್ಯವಾದ 18650 ಎಂಬ ಲಿಥಿಯಂ ಅಯಾನ್ ಸೆಲ್ಲಿಗೆ ಆ ಹೆಸರು ಬಂದಿರುವುದು ಅದರ ಅಳತೆಯಿಂದಲೇ: 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದ. ಈ ಗಾತ್ರದ ಒಳ್ಳೆಯ ಸೆಲ್ಲಿನ ಸಾಮರ್ಥ್ಯ ಸುಮಾರು 3,500 ಮಿಲಿಆಂಪಿಯರ್-ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಆದರೂ ಮಾರುಕಟ್ಟೆಯಲ್ಲಿ 9,900 ಎಂದು ಮುದ್ರಿಸಿದ ಸೆಲ್ಲುಗಳು ಕಾಣಸಿಗುತ್ತವೆ. ಇಲ್ಲಿ ತಕ್ಕಡಿ ಸತ್ಯ ಹೇಳಬಲ್ಲದು: ಅಸಲಿ ಸೆಲ್ಲು ಸುಮಾರು 45 ಗ್ರಾಂ ತೂಗಿದರೆ, ಒಳಗೆ ಸರಕು ಕಡಿಮೆಯಿರುವ ಸೆಲ್ಲು 30 ಗ್ರಾಮಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ.

ನಾಲ್ಕು ಬಗೆಗಳ ತುಲನೆ

ಅಂಗಡಿಗಳಲ್ಲಿ ಸಿಗುವ ಅಗ್ಗದ ಟಾರ್ಚುಗಳನ್ನು ಅವುಗಳ ಬ್ಯಾಟರಿಯನ್ನು ಆಧರಿಸಿ ನಾಲ್ಕು ಗುಂಪುಗಳಾಗಿ ನೋಡಬಹುದು. ಮೊದಲನೆಯದು ಮೂರು ಸಣ್ಣ ಸೆಲ್ಲುಗಳ, ಒಂಬತ್ತು ಪುಟ್ಟ ಎಲ್‌ಇಡಿಗಳ ಅಥವಾ ಒಂದೇ ದೊಡ್ಡ ಎಲ್‌ಇಡಿಯ ಕಿರು ಟಾರ್ಚು. ಜೇಬಿನಲ್ಲಿ ಹಿಡಿಯುವುದು, ಎಲ್ಲೆಡೆ ಸೆಲ್ಲು ಸಿಗುವುದು ಇದರ ಗುಣಗಳಾದರೆ, ಒಂಬತ್ತು ಎಲ್‌ಇಡಿಗಳೂ ಒಟ್ಟಿಗೆ ದೂರಕ್ಕೆ ಗುರಿಯಿಡಲಾರವೆಂಬುದು ಮತ್ತು ಜೊತೆಗೆ ಬರುವ ಕಾರ್ಬನ್-ಸತುವಿನ ಸೆಲ್ಲುಗಳಲ್ಲಿ ಆಲ್ಕಲೈನಿನ ಅರ್ಧದಷ್ಟೂ ಶಕ್ತಿ ಇರುವುದಿಲ್ಲವೆಂಬುದು ಇದರ ಮಿತಿ. ಎರಡನೆಯದು ಪೆನ್ಸಿಲ್ ಸೆಲ್ ಅಥವಾ ದಪ್ಪ ಸೆಲ್ಲಿನ, ಹೆಸರುಳ್ಳ ಕಂಪನಿಗಳ ಅರ್ಧ ಅಥವಾ ಒಂದು ವ್ಯಾಟಿನ ಪ್ಲಾಸ್ಟಿಕ್ ಟಾರ್ಚು. ಅಂಗಡಿಯಲ್ಲಿ ಹಚ್ಚಿ ನೋಡಿದಾಗ ಇದು ಎಲ್ಲಕ್ಕಿಂತ ಸಪ್ಪೆಯಾಗಿ ಕಂಡರೂ ಎರಡು ದಪ್ಪ ಸೆಲ್ಲುಗಳಲ್ಲಿ ಹತ್ತು ವ್ಯಾಟ್-ಗಂಟೆಗೂ ಹೆಚ್ಚು ಶಕ್ತಿ ಇರುವುದರಿಂದ ಮಿತವಾದ ಬೆಳಕನ್ನು ರಾತ್ರಿಯಿಡೀ ಕೊಡುವ ಸಾಮರ್ಥ್ಯ ಇದಕ್ಕಿದೆ.

ಮೂರನೆಯದು ಹಿಂಬದಿಯಿಂದ ಎರಡು ಪಿನ್ನುಗಳು ಹೊರಬರುವ, ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸುವ ಟಾರ್ಚು. ಇದರೊಳಗೆ ಹೆಚ್ಚಾಗಿ 4 ವೋಲ್ಟಿನ ಪುಟ್ಟ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಸೀಸದ ಬ್ಯಾಟರಿಯನ್ನು ಖಾಲಿಯಾದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಮತ್ತೆ ಚಾರ್ಜು ಹಿಡಿಯದಂತಾಗುತ್ತದೆ. ಬೇಸಿಗೆಯಲ್ಲಿ ಕೊಂಡು ಕಪಾಟಿನಲ್ಲಿಟ್ಟ ಟಾರ್ಚು ಮಳೆಗಾಲದಲ್ಲಿ ಹೊತ್ತದಿರುವುದು ಇದರಿಂದಲೇ. ಎರಡು ತಿಂಗಳಿಗೊಮ್ಮೆ ತಪ್ಪದೆ ಪೂರ್ತಿ ಚಾರ್ಜು ಮಾಡುವ ಮನೆಗೆ ಮಾತ್ರ ಇದು ಹೊಂದುತ್ತದೆ. ನಾಲ್ಕನೆಯದು ಯುಎಸ್‌ಬಿ ತಂತಿಯಿಂದ ಚಾರ್ಜಾಗುವ, ಲಿಥಿಯಂ ಸೆಲ್ಲಿನ, ಮುಂಭಾಗವನ್ನು ಎಳೆದು ಕಿರಣವನ್ನು ಕಿರಿದಾಗಿಸುವ ಲೋಹದ ಟಾರ್ಚು. ತೂಕಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚು, ಲೋಹದ ಮೈ ಶಾಖವನ್ನು ಹೊರಹಾಕುತ್ತದೆ, ಫೋನಿನ ಚಾರ್ಜರೇ ಸಾಕಾಗುತ್ತದೆ. ಆದರೆ ಕಿರಣವನ್ನು ಕಿರಿದಾಗಿಸಿದಾಗ ಎಲ್‌ಇಡಿಯ ಬೆಳಕಿನ ದೊಡ್ಡ ಭಾಗ ಮಸೂರವನ್ನು ತಲುಪದೆ ಕೊಳವೆಯ ಒಳಗೋಡೆಗೆ ಬಡಿದು ವ್ಯರ್ಥವಾಗುತ್ತದೆ, ಜಾರುವ ಮುಂಭಾಗದ ಸಂದಿನಿಂದ ಮಳೆನೀರು ಒಳಸೇರುವ ಅಪಾಯವೂ ಇದೆ.

ಖರ್ಚಿನ ಲೆಕ್ಕವೂ ಇದರ ಜೊತೆ ಸೇರಬೇಕು. ಕಾರ್ಬನ್-ಸತುವಿನ ಸಾಧಾರಣ ಪೆನ್ಸಿಲ್ ಸೆಲ್ಲಿನಲ್ಲಿ ಹೆಚ್ಚೆಂದರೆ ಒಂದು ವ್ಯಾಟ್-ಗಂಟೆಯ ಆಸುಪಾಸಿನ ಶಕ್ತಿಯಿರುವುದರಿಂದ, ಮನೆಯ ಮೀಟರಿನ ಒಂದು ಯೂನಿಟ್ಟಿಗೆ, ಎಂದರೆ 1,000 ವ್ಯಾಟ್-ಗಂಟೆಗೆ ಸರಿಗಟ್ಟಲು ಸಾವಿರದಷ್ಟು ಸೆಲ್ಲುಗಳು ಬೇಕು. ಸೆಲ್ಲಿಗೆ ಹತ್ತು ರೂಪಾಯಿ ಎಂದರೂ ಹತ್ತು ಸಾವಿರ ರೂಪಾಯಿ. ಅದೇ ಲಿಥಿಯಂ ಟಾರ್ಚನ್ನು ಒಮ್ಮೆ ಪೂರ್ತಿ ಚಾರ್ಜು ಮಾಡಲು ತಗಲುವ ವಿದ್ಯುತ್ತಿನ ಬೆಲೆ ಕೆಲವೇ ಪೈಸೆ. ನಿತ್ಯವೂ ಟಾರ್ಚು ಬಳಸುವವರಿಗೆ ಮರುಚಾರ್ಜಿನದು ಲಾಭಕರ. ವರ್ಷಕ್ಕೆ ನಾಲ್ಕು ಬಾರಿ ಬಳಸುವವರಿಗೆ, ವರ್ಷಗಟ್ಟಲೆ ಶಕ್ತಿ ಹಿಡಿದಿಟ್ಟುಕೊಳ್ಳುವ ಆಲ್ಕಲೈನ್ ಸೆಲ್ಲಿನ ಟಾರ್ಚೇ ನಂಬಿಗಸ್ತ.

ಮನೆಯಲ್ಲಿಯೇ ಅಳತೆ

ಕಣ್ಣು ಬೆಳಕಿನ ಅಳತೆಗೆ ಒಳ್ಳೆಯ ಸಾಧನವಲ್ಲ. ಬೆಳಕು ಇಮ್ಮಡಿಯಾದಾಗ ಅದಕ್ಕೆ ಕೊಂಚ ಹೆಚ್ಚಾದಂತೆ ಮಾತ್ರ ತೋರುತ್ತದೆ. ಫೋನಿನಲ್ಲಿ ಲಕ್ಸ್ ಅಳೆಯುವ ಯಾವುದಾದರೂ ಆ್ಯಪ್ ಹಾಕಿಕೊಂಡು, ಬಿಳಿ ಸುಣ್ಣ ಬಳಿದ ಕತ್ತಲೆಯ ಸಣ್ಣ ಕೋಣೆಯಲ್ಲಿ ಟಾರ್ಚನ್ನು ನೆಟ್ಟಗೆ ನಿಲ್ಲಿಸಿ ಚಾವಣಿಗೆ ಬೆಳಕು ಹಾಯಿಸಿ, ಫೋನನ್ನು ಒಂದೇ ಜಾಗದಲ್ಲಿಟ್ಟು ಅಂಕಿ ಬರೆದುಕೊಳ್ಳಬೇಕು. ಈ ಅಂಕಿ ನಿಜವಾದ ಲೂಮೆನ್ ಅಲ್ಲದಿದ್ದರೂ ಎರಡು ಟಾರ್ಚುಗಳ ನಡುವಣ ಪ್ರಮಾಣವನ್ನು ಸರಿಯಾಗಿಯೇ ತೋರಿಸುತ್ತದೆ. ಹೊತ್ತಿಸಿದ ಕೂಡಲೇ, ಹತ್ತು ನಿಮಿಷಕ್ಕೆ, ಆಮೇಲೆ ಅರ್ಧ ಗಂಟೆಗೊಮ್ಮೆ ಅಳೆದರೆ ಬೆಳಕು ಇಳಿಯುವ ರೀತಿ ಸ್ಪಷ್ಟವಾಗುತ್ತದೆ: ಒಳ್ಳೆಯ ಡ್ರೈವರಿರುವ ಟಾರ್ಚಿನ ಅಂಕಿ ಬಹುಹೊತ್ತು ಸಮನಾಗಿ ನಡೆದು ಕೊನೆಯಲ್ಲಿ ಕುಸಿಯುತ್ತದೆ, ಡ್ರೈವರಿಲ್ಲದ್ದು ಮೊದಲ ನಿಮಿಷದಿಂದಲೇ ಇಳಿಯತೊಡಗುತ್ತದೆ.

ಅಪಾಯ ಮತ್ತು ಗುರುತು

ಗೋಡೆಗೆ ಸಿಕ್ಕಿಸುವ ಅಗ್ಗದ ಟಾರ್ಚುಗಳಲ್ಲಿ 230 ವೋಲ್ಟನ್ನು ಇಳಿಸಲು ಟ್ರಾನ್ಸ್‌ಫಾರ್ಮರ್ ಇರುವುದು ವಿರಳ. ಒಂದು ಕೆಪಾಸಿಟರಿನ ಮೂಲಕ ವಿದ್ಯುತ್ತನ್ನು ಕುಗ್ಗಿಸಿ ಬಿಡುವುದರಿಂದ, ಚಾರ್ಜಾಗುತ್ತಿರುವಾಗ ಒಳಗಿನ ಪ್ರತಿಯೊಂದು ಲೋಹದ ಭಾಗವೂ ಮನೆಯ ವಿದ್ಯುತ್ತಿಗೆ ನೇರವಾಗಿ ಅಂಟಿಕೊಂಡಿರುತ್ತದೆ. ಮೈ ಒಡೆದ ಟಾರ್ಚನ್ನು ಸಾಕೆಟ್ಟಿಗೆ ಹಾಕುವುದು, ಚಾರ್ಜಾಗುತ್ತಿರುವಾಗ ಮಕ್ಕಳ ಕೈಗೆ ಸಿಗುವಂತೆ ಬಿಡುವುದು ಪ್ರಾಣಾಪಾಯಕ್ಕೆ ದಾರಿ. ಲಿಥಿಯಂ ಸೆಲ್ಲನ್ನು ಹಾಸಿಗೆಯ ಮೇಲಿಟ್ಟು ರಾತ್ರಿಯಿಡೀ ಚಾರ್ಜು ಮಾಡಬಾರದು, ಉಬ್ಬಿದ ಅಥವಾ ಹೊದಿಕೆ ಹರಿದ ಸೆಲ್ಲನ್ನು ಬಳಸಬಾರದು. ಸಾಧಾರಣ ಸೆಲ್ಲುಗಳಲ್ಲಿ ಹೊರಗಿನ ಸತುವಿನ ಡಬ್ಬಿಯೇ ರಾಸಾಯನಿಕ ಕ್ರಿಯೆಯಲ್ಲಿ ಸವೆಯುವುದರಿಂದ ಖಾಲಿಯಾದ ಸೆಲ್ಲು ಸೋರಿ ಟಾರ್ಚಿನ ಸ್ಪ್ರಿಂಗುಗಳನ್ನು ತಿಂದುಹಾಕುತ್ತದೆ. ಎತ್ತಿಡುವ ಮುನ್ನ ಸೆಲ್ಲು ತೆಗೆಯುವ ಅಭ್ಯಾಸ ಒಳ್ಳೆಯದು.

ಲಿಥಿಯಂ ಸೆಲ್ಲುಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಎಂಬ ಸಂಖ್ಯೆ ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. 2011ರ ಪೊಟ್ಟಣ ಸರಕುಗಳ ನಿಯಮದಂತೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ದೂರಿಗಾಗಿ ಸಂಪರ್ಕ ವಿವರ ಡಬ್ಬಿಯ ಮೇಲೆ ಇರಲೇಬೇಕು. ಇವೇ ಇಲ್ಲದ ಡಬ್ಬಿಯ ಮೇಲಿನ ಲೂಮೆನ್ ಅಂಕಿಗೆ ಜವಾಬ್ದಾರರು ಯಾರೂ ಇರುವುದಿಲ್ಲ. ಕೆಟ್ಟುಹೋದ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹಾಕಿವೆ. ಪುಣೆಯಲ್ಲಿ ಮನೆಮನೆಯಿಂದ ಕಸ ಸಂಗ್ರಹಿಸುವ ಚಿಂದಿ ಆಯುವವರ ಸಹಕಾರ ಸಂಘವಾದ ‘ಸ್ವಚ್ಛ್’ ಇ-ತ್ಯಾಜ್ಯವನ್ನೂ ಪ್ರತ್ಯೇಕವಾಗಿ ಪಡೆಯುತ್ತದೆ. ಸೀಸ ಮತ್ತು ಲಿಥಿಯಂ ಎರಡೂ ಆ ಕಾರ್ಮಿಕರ ಕೈಗೆ ಅಪಾಯಕಾರಿಯಾದ್ದರಿಂದ ಹಸಿ ಕಸದೊಡನೆ ಅವುಗಳನ್ನು ಸೇರಿಸದಿರುವುದು ಕನಿಷ್ಠ ಸೌಜನ್ಯ.

ಯಾರಿಗೆ ಯಾವುದು

ಒಂದೇ ಟಾರ್ಚು ಎಲ್ಲರಿಗೂ ಹೊಂದುವುದಿಲ್ಲ. ಹೊಲಕ್ಕೆ ಹೋಗುವವರಿಗೆ ಕಾಲಬುಡ ಕಾಣುವಷ್ಟು ಅಗಲವೂ ಐವತ್ತು ಮೀಟರಿನಾಚೆ ತಲುಪುವಷ್ಟು ಗುರಿಯೂ ಬೇಕಾದ್ದರಿಂದ, ಪ್ರತಿಫಲಕವಿರುವ ಒಂದೇ ಎಲ್‌ಇಡಿಯ ಲಿಥಿಯಂ ಟಾರ್ಚು ಸೂಕ್ತ. ಸಿಂಹಗಡ, ರಾಜಗಡ, ತೋರಣಾ ಕೋಟೆಗಳಿಗೆ ರಾತ್ರಿ ಚಾರಣ ಹೊರಡುವವರಿಗೆ ಎರಡೂ ಕೈಗಳು ಬಂಡೆ ಹಿಡಿಯಲು ಬಿಡುವಾಗಿರಬೇಕಾದ್ದರಿಂದ ತಲೆಗೆ ಕಟ್ಟುವ ದೀಪವೇ ಮೇಲು. ಆದರೆ ಸಹ್ಯಾದ್ರಿಯ ಮಳೆಗಾಲದ ಮಂಜಿನಲ್ಲಿ ಕಣ್ಣಿನ ಮಟ್ಟದ ಬೆಳಕು ಹನಿಗಳಿಂದ ಚದುರಿ ಕಣ್ಣಿಗೇ ಮರಳುವುದರಿಂದ, ಸೊಂಟದ ಎತ್ತರದಲ್ಲಿ ಹಿಡಿಯಲು ಕೈಟಾರ್ಚೊಂದು ಜೊತೆಗಿರಬೇಕು, ಅದಕ್ಕೆ ಎಲ್ಲ ದಿಕ್ಕಿನ ಎರಚಲನ್ನೂ ತಡೆಯುವ ಐಪಿಎಕ್ಸ್4 ಗುರುತಾದರೂ ಇರಬೇಕು. ವಿದ್ಯುತ್ ಕಡಿತಕ್ಕೆಂದು ಮನೆಯಲ್ಲಿಡಲು ಚಾವಣಿಗೆ ತಿರುಗಿಸಿದರೆ ಕೋಣೆ ತುಂಬುವ 50 ಲೂಮೆನ್ನಿನ ಪೆನ್ಸಿಲ್ ಸೆಲ್ ಟಾರ್ಚು ಸಾಕು.

ಮನೆಯ ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಇಂಧನ ದಕ್ಷತಾ ಬ್ಯೂರೋದ ನಕ್ಷತ್ರಗಳ ಪಟ್ಟಿ ಇರುತ್ತದೆ. ಟಾರ್ಚುಗಳಿಗೆ ಅಂಥ ಪಟ್ಟಿಯಿಲ್ಲ. ಬ್ಯಾಟರಿಯ ವ್ಯಾಟ್-ಗಂಟೆ, ಹೊತ್ತಿಸಿದ ಅರ್ಧ ನಿಮಿಷದ ನಂತರದ ಲೂಮೆನ್, ಮೂರು ಗಂಟೆಯ ನಂತರದ ಲೂಮೆನ್ ಎಂಬ ಮೂರೇ ಅಂಕಿಗಳನ್ನು ಮುದ್ರಿಸುವುದು ಕಡ್ಡಾಯವಾದರೆ ನೂರೈವತ್ತು ರೂಪಾಯಿ ಕೊಡುವ ರೈತನೂ ಎಂಟುನೂರು ಕೊಡುವ ಚಾರಣಿಗನೂ ಒಂದೇ ಅಳತೆಗೋಲಿನಿಂದ ಸರಕನ್ನು ಅಳೆಯಬಲ್ಲರು. ಅಲ್ಲಿಯವರೆಗೆ, ಕೊಳ್ಳುವ ಮುನ್ನ ‘ಇದರ ಬ್ಯಾಟರಿ ಎಷ್ಟು ವ್ಯಾಟ್-ಗಂಟೆಯದು’ ಎಂದು ಅಂಗಡಿಯಲ್ಲಿ ಕೇಳುವ ಗಿರಾಕಿಗಳ ಸಂಖ್ಯೆ ಹೆಚ್ಚಿದಷ್ಟೂ, ಆ ಪ್ರಶ್ನೆಗೆ ಉತ್ತರ ಮುದ್ರಿಸಿದ ಡಬ್ಬಿಗಳನ್ನೇ ತರಿಸುವುದು ವ್ಯಾಪಾರಿಗಳಿಗೂ ಅನಿವಾರ್ಯವಾಗುತ್ತದೆ.